ಕ್ಯಾನನ್ 1500ಡಿ ಮತ್ತು ಕಿಟ್ ಲೆನ್ಸ್: ಕಾರವಾರದ ಕಡಲಿಗೆ, ಶಿರಸಿಯ ಕಾಡಿಗೆ ಸಾಕೇ?

ಸಾಕು. ಆದರೆ ಡಯಲನ್ನು ಹಸಿರು ಆಟೋದಲ್ಲಿಟ್ಟು ಕ್ಲಿಕ್ಕಿಸುತ್ತ ಹೋದರೆ ಟ್ಯಾಗೋರ್ ಬೀಚಿನ ಸೂರ್ಯಾಸ್ತ ಬೂದು ಬಣ್ಣದಲ್ಲಿ ಬರುತ್ತದೆ, ಯಾಣದ ಶಿಖರ ಹಿಂದಕ್ಕೆ ವಾಲಿಕೊಂಡು ಕೂರುತ್ತದೆ, ತಪ್ಪು ಮಾತ್ರ ಲೆನ್ಸಿನ ತಲೆಗೆ ಬರುತ್ತದೆ. ಈ ಕಿಟ್‌ನ ನಿಜವಾದ ಕೊರತೆಗಳು ಬೇರೆಯೇ ಇವೆ. ಅವು ಅಂಗಡಿಯ ಪಟ್ಟಿಯಲ್ಲಿ ಕಾಣುವುದಿಲ್ಲ, ಮರಳಿನ ಮೇಲೆ ನಿಂತಾಗ ಕಾಣುತ್ತವೆ.

2018ರಲ್ಲಿ ಬಂದ ಕ್ಯಾಮೆರಾ ಇದು. 24.1 ಮೆಗಾಪಿಕ್ಸೆಲ್‌ನ, ಎಪಿಎಸ್-ಸಿ ಎಂಬ ಅಳತೆಯ ಸೆನ್ಸರ್, ಬ್ಯಾಟರಿ ಸೇರಿ 475 ಗ್ರಾಂ ತೂಕದ ಬಾಡಿ, ಜತೆಗೆ ಕಿಟ್‌ನಲ್ಲೇ ಬರುವ 200 ಗ್ರಾಂನ 18-55 ಮಿ.ಮೀ. ಲೆನ್ಸ್ (18ರಲ್ಲಿ ಅಗಲ ನೋಟ, 55ರಲ್ಲಿ ದೂರದ್ದು ಹತ್ತಿರ). ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಕೈಬದಲಾಗುತ್ತಿರುವುದೇ ಹೆಚ್ಚು. ಕೊಳ್ಳುವ ಮೊದಲು ಎರಡು ಸಂಗತಿ ನೋಡಿ. ಒಂದು, ಲೆನ್ಸಿನ ಮೇಲೆ ‘ಐಎಸ್’ ಎಂದು ಬರೆದಿದೆಯೇ. ಕೆಲವು ಕಿಟ್‌ಗಳಲ್ಲಿ ಕೈನಡುಕ ತಡೆಯುವ ಈ ಸೌಲಭ್ಯವಿಲ್ಲದ ಮಾದರಿ ಇರುತ್ತದೆ. ಎರಡು, ಲೆನ್ಸ್ ಬಿಚ್ಚಿ ಹಿಂದಿನಿಂದ ಮೊಬೈಲ್ ಟಾರ್ಚ್ ಹಾಯಿಸಿ. ಜೇಡರ ಬಲೆಯಂಥ ಸಣ್ಣ ಎಳೆ ಕಂಡರೆ ಅದು ಫಂಗಸ್. ನಮ್ಮ ಕಡೆ ನಾಲ್ಕು ಮಳೆಗಾಲ ಕಪಾಟಿನಲ್ಲಿ ಕಳೆದ ಲೆನ್ಸಿಗೆ ಅದು ಬಾರದಿದ್ದರೇ ಆಶ್ಚರ್ಯ.

ಮೊದಲು ಬದಲಿಸಬೇಕಾದ ಸೆಟ್ಟಿಂಗ್‌ಗಳು. ಡಯಲ್ ‘ಎವಿ’ಗೆ (ಅಪರ್ಚರ್ ನೀವು ಆರಿಸಿ, ಶಟರ್ ವೇಗವನ್ನು ಕ್ಯಾಮೆರಾ ಆರಿಸುವ ಮೋಡ್), ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100ಕ್ಕೆ, ಅಪರ್ಚರ್ (ಬೆಳಕು ಒಳಬರುವ ಕಿಂಡಿ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಸಣ್ಣದು) ಎಫ್/8 ಅಥವಾ ಎಫ್/11ಕ್ಕೆ. ಹಗಲಿನ ಮುಕ್ಕಾಲು ಪಾಲು ಕೆಲಸ ಇಷ್ಟರಲ್ಲೇ ಮುಗಿಯುತ್ತದೆ. ‘ಭೂದೃಶ್ಯಕ್ಕೆ ದೊಡ್ಡ ಸಂಖ್ಯೆ’ ಎಂದು ಕೇಳಿದವರು ನೇರವಾಗಿ ಎಫ್/22ಕ್ಕೆ ಹೋಗುತ್ತಾರೆ. ಅಷ್ಟು ಸಣ್ಣ ಕಿಂಡಿಯಲ್ಲಿ ನುಗ್ಗುವ ಬೆಳಕು ಅಂಚಿನಲ್ಲಿ ಚದುರುತ್ತದೆ, ಹಾಗಾಗಿ ಇಡೀ ಚಿತ್ರ ಮೆತ್ತಗಾಗುತ್ತದೆ. ಎಫ್/16 ದಾಟುವ ಅಗತ್ಯ ಈ ಸೆನ್ಸರಿಗೆ ಇಲ್ಲ.

ಫೋಕಸ್‌ನ ಲೆಕ್ಕವೂ ಸುಲಭ. 18 ಮಿ.ಮೀ., ಎಫ್/11ರಲ್ಲಿ ಎರಡು ಮೀಟರ್ ದೂರದ ಕಲ್ಲಿನ ಮೇಲೆ ಫೋಕಸ್ ಮಾಡಿದರೆ ಹೆಚ್ಚುಕಡಿಮೆ ಒಂದು ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟ. ದಿಗಂತಕ್ಕೇ ಫೋಕಸ್ ಇಟ್ಟರೆ ಕಾಲ ಬುಡದ ಜಂಬಿಟ್ಟಿಗೆ ಕಲ್ಲು ಕೈತಪ್ಪುತ್ತದೆ. ಈ ಲೆನ್ಸಿನ ಮೇಲೆ ದೂರದ ಗುರುತುಗಳಿಲ್ಲ. ಆದ್ದರಿಂದ ಲೈವ್ ವ್ಯೂ (ಹಿಂದಿನ ಪರದೆಯಲ್ಲೇ ನೋಟ ಕಾಣುವ ವ್ಯವಸ್ಥೆ) ಹಾಕಿ, ಹತ್ತು ಪಟ್ಟು ಹಿಗ್ಗಿಸಿ, ಹತ್ತಿರದ್ದು ಒಮ್ಮೆ, ದೂರದ್ದು ಒಮ್ಮೆ ನೋಡಿಕೊಳ್ಳುವುದೇ ದಾರಿ.

ಇನ್ನು ಲೆನ್ಸಿನ ಮುಖ್ಯ ಐಬು. ಫೋಕಸ್ ಆಗುವಾಗ ಇದರ ಮುಂದಿನ ಗಾಜು ಸುತ್ತುತ್ತದೆ. ಬರೀ ಲೆನ್ಸ್ ಬಳಸುವವರಿಗೆ ಇದು ಗೊತ್ತೂ ಆಗುವುದಿಲ್ಲ, ಪೋಲರೈಸರ್ (ತಿರುಗಿಸಿ ಹೊಳಪು ಕಳೆಯುವ ಫಿಲ್ಟರ್) ಹಾಕಿದ ದಿನ ಗೊತ್ತಾಗುತ್ತದೆ. ಪೋಲರೈಸರ್ ತಿರುಗಿಸಿ ಎಲೆಯ ಹೊಳಪು ಕಳೆದು ಶಟರ್ ಅರ್ಧ ಒತ್ತಿದರೆ ಗಾಜು ತಿರುಗಿ ಹೊಳಪು ವಾಪಸ್. ಮತ್ತೆ ತಿರುಗಿಸಲು ಹೋದರೆ ಲೆನ್ಸಿನ ಮೋಟಾರಿಗೇ ಪೆಟ್ಟು, ಏಕೆಂದರೆ ‘ಎಎಫ್’ನಲ್ಲಿರುವಾಗ (ಆಟೋ ಫೋಕಸ್) ಮುಂದಿನ ಭಾಗವನ್ನು ಕೈಯಿಂದ ತಿರುಗಿಸುವಂತಿಲ್ಲ. ಕ್ರಮ ಹೀಗಿರಲಿ: ಮೊದಲು ಫೋಕಸ್, ಆಮೇಲೆ ಲೆನ್ಸಿನ ಪಕ್ಕದ ಗುಂಡಿ ‘ಎಂಎಫ್’ಗೆ (ಕೈ ಫೋಕಸ್), ಆಮೇಲೆ ಒಂದು ಕೈಯಲ್ಲಿ ಲೆನ್ಸಿನ ಮೂತಿ ಹಿಡಿದು ಇನ್ನೊಂದರಲ್ಲಿ ಫಿಲ್ಟರ್. ಅಳತೆ 58 ಮಿ.ಮೀ. ಅಗಲ ಚೌಕಟ್ಟಿನ ಫಿಲ್ಟರ್‌ಗಳನ್ನು ಒಂದರ ಮೇಲೊಂದು ಹಾಕಿದರೆ 18ರಲ್ಲಿ ಮೂಲೆಗಳು ಕಪ್ಪಾಗುತ್ತವೆ.

ಇಷ್ಟು ತಾಪತ್ರಯವಿದ್ದರೂ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಓಡಾಡುವವರು ಮೊದಲು ಕೊಳ್ಳಬೇಕಾದ ಫಿಲ್ಟರ್ ಪೋಲರೈಸರೇ. ಜನ ಅದನ್ನು ನೀಲಿ ಆಕಾಶಕ್ಕೆಂದು ಕೊಳ್ಳುತ್ತಾರೆ. 18ರಲ್ಲಿ ಆಕಾಶದ ಒಂದು ಪಕ್ಕ ಮಾತ್ರ ಕಡುನೀಲಿಯಾಗಿ ಪಟ್ಟೆ ಬಳಿದಂತೆ ಕಾಣುತ್ತದೆ, ಅದಕ್ಕೆ ಬಳಸದಿದ್ದರೇ ಚೆಂದ. ಅದರ ಕೆಲಸ ಇರುವುದು ಒದ್ದೆ ಬಂಡೆ ಮತ್ತು ಎಲೆಯ ಮೇಲೆ. ಸಹಸ್ರಲಿಂಗದಲ್ಲಿ ಶಾಲ್ಮಲೆಯ ನೀರು ಸರಿದ ಕಲ್ಲಿನ ಮೇಲೆ ಆಕಾಶದ ಬಿಳಿ ಹೊಳಪು ಕೂತಿರುತ್ತದೆ, ಕೆತ್ತನೆಯ ಗೆರೆ ಕಾಣುವುದೇ ಇಲ್ಲ. ಪೋಲರೈಸರ್ ನಿಧಾನವಾಗಿ ತಿರುಗಿಸುತ್ತ ಬಂದರೆ ಒಂದು ಹಂತದಲ್ಲಿ ಹೊಳಪು ಆರಿ ಕಲ್ಲು ಕಪ್ಪಾಗುತ್ತದೆ, ಲಿಂಗ ಮತ್ತು ನಂದಿಯ ಅಂಚು ಮೇಲೇಳುತ್ತದೆ. ಪೂರ್ತಿ ಆರಿಸಬೇಡಿ. ಸ್ವಲ್ಪ ಹೊಳಪು ಉಳಿದರೇ ಕಲ್ಲು ಒದ್ದೆಯಾಗಿದೆ ಎಂದು ಗೊತ್ತಾಗುವುದು. ಒಂದೂವರೆಯಿಂದ ಎರಡು ಸ್ಟಾಪ್ ಬೆಳಕನ್ನು ಅದು ತಿನ್ನುತ್ತದೆ (ಒಂದು ಸ್ಟಾಪ್ ಕಡಿಮೆಯೆಂದರೆ ಬೆಳಕು ಅರ್ಧ), ಕಾಡಿನ ನೆರಳಲ್ಲಿ ಕೈಯಲ್ಲಿ ಹಿಡಿದು ತೆಗೆಯುವ ಆಸೆ ಬಿಡಬೇಕು.

ಹಸಿರಿನ ವಿಷಯಕ್ಕೇ ಸೇರಿದ ಇನ್ನೊಂದು ಮಾತು: ಪಿಕ್ಚರ್ ಸ್ಟೈಲ್ ಎಂಬ ಬಣ್ಣದ ಸೆಟ್ಟಿಂಗ್‌ನ ‘ಲ್ಯಾಂಡ್‌ಸ್ಕೇಪ್’ ಹಸಿರು ಮತ್ತು ನೀಲಿಯನ್ನು ಎತ್ತುತ್ತದೆ. ಮೊದಲೇ ಹಸಿರು ಉಕ್ಕುವ ನಮ್ಮ ಅಡಿಕೆ ತೋಟ ಅದರಲ್ಲಿ ಪ್ಲಾಸ್ಟಿಕ್ ಹೂಕುಂಡದಂತೆ ಕಾಣುತ್ತದೆ. ‘ನ್ಯೂಟ್ರಲ್’ ಇಟ್ಟು ರಾ ಫೈಲ್‌ನಲ್ಲಿ (ಸೆನ್ಸರ್ ಕಂಡದ್ದನ್ನು ಹಾಗೆಯೇ ಉಳಿಸುವ ಫೈಲ್) ತೆಗೆಯಿರಿ. ಒಂದೊಂದು ಫೈಲ್ 25-30 ಎಂಬಿ ಆಗುತ್ತದೆ, 32 ಜಿಬಿ ಕಾರ್ಡಿನಲ್ಲಿ ಒಂದು ದಿನ ಧಾರಾಳವಾಗಿ ಸಾಗುತ್ತದೆ.

ಜಲಪಾತಕ್ಕೆ ಅರ್ಧ ಸೆಕೆಂಡಿನಿಂದ ಒಂದು ಸೆಕೆಂಡ್ ಸಾಕು. ಅದಕ್ಕಿಂತ ಹೆಚ್ಚಾದರೆ ನೀರು ಮೊಸರು ಸುರಿದಂತೆ ಕಾಣುತ್ತದೆ, ಎಳೆಗಳು ಕಾಣುವುದಿಲ್ಲ. ಮೋಡದ ಹಗಲಲ್ಲಿ ಎಫ್/11ಕ್ಕೆ ಶಟರ್ 1/60 ಬರುತ್ತಿದ್ದರೆ ಆರು ಸ್ಟಾಪ್‌ನ ಎನ್‌ಡಿ (ಬೆಳಕು ತಗ್ಗಿಸುವ ಕಪ್ಪು ಗಾಜಿನ) ಫಿಲ್ಟರ್ ಅದನ್ನು ಒಂದು ಸೆಕೆಂಡಿಗೆ ಇಳಿಸುತ್ತದೆ. ಫೋಕಸ್ ಮಾತ್ರ ಫಿಲ್ಟರ್ ಹಾಕುವ ಮೊದಲೇ ಮುಗಿಸಿ. 116 ಮೀಟರ್ ಎತ್ತರದ ಉಂಚಳ್ಳಿಯನ್ನು ದೂರದ ವೀಕ್ಷಣಾ ಕಟ್ಟೆಯಿಂದಲೇ ನೋಡಬೇಕು, ಹಾಗಾಗಿ ಅಲ್ಲಿ 18ಕ್ಕಿಂತ 35-55 ಮಿ.ಮೀ. ಒಳ್ಳೆಯದು. ಮಂಜು ಕವಿದಾಗ ಬೆಳಕು ಅಳೆಯುವ ಮೀಟರು ಅದನ್ನು ಬೂದು ಬಣ್ಣವೆಂದು ತಿಳಿದು ಕತ್ತಲು ಮಾಡುತ್ತದೆ. ‘ಎವಿ’ ಗುಂಡಿ ಒತ್ತಿ ಹಿಡಿದು ಚಕ್ರ ತಿರುಗಿಸಿ +2/3 ಸ್ಟಾಪ್ ಬೆಳಕು ಕೊಡಿ. ತೋಟದ ಬೆಳಗಿನ ಇಬ್ಬನಿಗೂ ಇದೇ ಮಾತು.

ಯಾಣ ಈ ಸೆನ್ಸರಿಗೆ ಕಠಿಣ ಪರೀಕ್ಷೆ. ಕಪ್ಪು ಬಂಡೆ, ಹಿಂದೆ ಬಿಳಿ ಆಕಾಶ. ಬಂಡೆಗೆ ಎಕ್ಸ್‌ಪೋಷರ್ ಕೊಟ್ಟರೆ ಆಕಾಶ ಸುಟ್ಟುಹೋಗುತ್ತದೆ, ಆಕಾಶಕ್ಕೆ ಕೊಟ್ಟರೆ ಬಂಡೆ ಇದ್ದಿಲಾಗುತ್ತದೆ. -1 ಕೊಟ್ಟು ಆಮೇಲೆ ಕಂಪ್ಯೂಟರಿನಲ್ಲಿ ನೆರಳನ್ನು ಎತ್ತಬಹುದು, ಆದರೆ ಎರಡು ಸ್ಟಾಪ್ ದಾಟಿದರೆ ರವೆಯಂಥ ಕಾಳುಗಳು ಎದ್ದು ಬರುತ್ತವೆ. ಹೊಸ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಗಳ ಮುಂದೆ ಇದು ಸೋಲುವುದು ಇಲ್ಲೇ. ಪರಿಹಾರ ಎಇಬಿ: ಟ್ರೈಪಾಡ್ ಮೇಲೆ -2, 0, +2ರಲ್ಲಿ ಮೂರು ಚಿತ್ರ ತೆಗೆದು ಸೇರಿಸುವುದು. ಇನ್ನೊಂದು ಪರಿಹಾರಕ್ಕೆ ಕಾಸೂ ಬೇಡ, ಆಕಾಶವನ್ನೇ ಬಿಟ್ಟು ಬಂಡೆಗಳ ಸೀಳನ್ನೂ ಬೇರುಗಳನ್ನೂ ಮಾತ್ರ ಚೌಕಟ್ಟಿಗೆ ತೆಗೆದುಕೊಳ್ಳುವುದು. ಬುಡದಲ್ಲಿ ನಿಂತು ಕ್ಯಾಮೆರಾ ಮೇಲೆತ್ತಿದರೆ ಶಿಖರ ಹಿಂದಕ್ಕೆ ವಾಲುತ್ತದೆ. ಆದಷ್ಟು ಹಿಂದೆ ಸರಿದು, ಕ್ಯಾಮೆರಾ ನಿಲುವಾಗಿ ಹಿಡಿದು, ಸುತ್ತ ಜಾಗ ಬಿಟ್ಟು ತೆಗೆದರೆ ಆಮೇಲೆ ನೆಟ್ಟಗೆ ಮಾಡುವಾಗ ತುದಿ ಕತ್ತರಿಸಿಹೋಗುವುದಿಲ್ಲ.

ಈಗ ಕರಾವಳಿಗೆ ಇಳಿಯೋಣ. ಕಡಲ ಚಿತ್ರದ ಮೊದಲ ರೋಗ ಸೊಟ್ಟ ದಿಗಂತ. ಈ ಕ್ಯಾಮೆರಾದಲ್ಲಿ ಮಟ್ಟ ತೋರಿಸುವ ಎಲೆಕ್ಟ್ರಾನಿಕ್ ಲೆವೆಲ್ ಇಲ್ಲ, ಕಣ್ಣಿಟ್ಟು ನೋಡುವ ವ್ಯೂಫೈಂಡರಿನಲ್ಲಿ ಗೆರೆಗಳೂ ಇಲ್ಲ. ಒಂಬತ್ತು ಫೋಕಸ್ ಬಿಂದುಗಳಲ್ಲಿ ಎಡದ, ನಡುವಿನ, ಬಲದ ಬಿಂದುಗಳು ಒಂದೇ ಸಾಲಿನಲ್ಲಿವೆ. ಆ ಸಾಲನ್ನು ಕಡಲ ಗೆರೆಗೆ ಕೂರಿಸಿ ನೋಡಿ, ಆಮೇಲೆ ಓರೆಯಾಗದಂತೆ ಮೇಲೋ ಕೆಳಗೋ ಸರಿಸಿ. ಲೈವ್ ವ್ಯೂನಲ್ಲಿ ಗ್ರಿಡ್ ಸಿಗುತ್ತದೆ. ಅದು ಬ್ಯಾಟರಿ ತಿನ್ನುತ್ತದೆ: ವ್ಯೂಫೈಂಡರಿನಲ್ಲಿ ಸುಮಾರು 500 ಚಿತ್ರ ಕೊಡುವ ಬ್ಯಾಟರಿ ಇಲ್ಲಿ ಅದರ ಅರ್ಧಕ್ಕೇ ಸುಸ್ತು. ಇನ್ನೊಂದು, ವ್ಯೂಫೈಂಡರು ತೋರಿಸುವುದು ಚಿತ್ರದ 95% ಮಾತ್ರ. ನೋಡುವಾಗ ಇರದಿದ್ದ ತೆಂಗಿನ ಗರಿಯ ತುದಿ, ಯಾರದೋ ಚಪ್ಪಲಿ, ನೀರಿನ ಬಾಟಲಿ ಅಂಚಿನಲ್ಲಿ ಪ್ರತ್ಯಕ್ಷವಾಗುವುದು ಈ ಉಳಿದ ಪಾಲಿನಿಂದ.

ಟ್ಯಾಗೋರ್ ಬೀಚಿನಿಂದ ಕೂರ್ಮಗಡವನ್ನು 18ರಲ್ಲಿ ತೆಗೆದವರಿಗೆಲ್ಲ ನಿರಾಸೆಯೇ. ಕಣ್ಣಿಗೆ ದೊಡ್ಡದಾಗಿ ಕಂಡ ದ್ವೀಪ ಚಿತ್ರದಲ್ಲಿ ಕಡಲೆಕಾಳು. ಸೂರ್ಯನ ಪಾಡೂ ಅಷ್ಟೇ: 6000 ಪಿಕ್ಸೆಲ್ ಅಗಲದ ಚಿತ್ರದಲ್ಲಿ 18ರಲ್ಲಿ ಅವನ ಅಗಲ ಸುಮಾರು 45 ಪಿಕ್ಸೆಲ್, 55ರಲ್ಲಿ 140ರ ಹತ್ತಿರ. ದ್ವೀಪ ಬೇಕಿದ್ದರೆ 55ಕ್ಕೆ ಹೋಗಿ. 18 ಬೇಕಿದ್ದರೆ ಮುಂದೆ ಏನಾದರೂ ಇರಲಿ, ಎಳೆದಿಟ್ಟ ದೋಣಿಯ ಮೂತಿ, ಬಲೆಯ ರಾಶಿ, ಏಡಿ ಉರುಳಿಸಿಟ್ಟ ಮರಳುಂಡೆಗಳು. ಬರೀ ಮರಳು ಮುಂದಿಟ್ಟುಕೊಂಡು ಅಗಲ ಲೆನ್ಸ್ ಬಳಸಿದರೆ ಅರ್ಧ ಚಿತ್ರ ಖಾಲಿ. ಮರಳುಂಡೆಗಳಿಗೆ ಕ್ಯಾಮೆರಾ ಮೊಣಕಾಲಿಗಿಂತ ಕೆಳಗೆ ಇಳಿಯಬೇಕು. ಇದರ ಪರದೆ ಮಡಚುವುದಿಲ್ಲ, ಮಲಗಲೇಬೇಕು. ಇಲ್ಲವೇ ವೈಫೈಯಲ್ಲಿ ಕ್ಯಾಮೆರಾ ಕನೆಕ್ಟ್ ಆ್ಯಪ್ ಹಾಕಿಕೊಂಡು ಮೊಬೈಲಿನಲ್ಲೇ ಚೌಕಟ್ಟು ನೋಡಿ ಕ್ಲಿಕ್ಕಿಸಬಹುದು. ಅಂಗಿ ಒದ್ದೆಯಾಗುವುದಿಲ್ಲ.

ಸೂರ್ಯ ವರ್ಷವಿಡೀ ಒಂದೇ ಕಡೆ ಮುಳುಗುವುದಿಲ್ಲ. ಕಾರವಾರದಲ್ಲಿ ಡಿಸೆಂಬರ್ ಕೊನೆಗೆ ನೇರ ಪಡುವಣಕ್ಕಿಂತ ಸುಮಾರು 24 ಡಿಗ್ರಿ ದಕ್ಷಿಣಕ್ಕೆ, ಜೂನ್‌ನಲ್ಲಿ ಅಷ್ಟೇ ಉತ್ತರಕ್ಕೆ. 55ರಲ್ಲಿ ಚೌಕಟ್ಟಿನ ಒಟ್ಟು ಅಗಲವೇ 23 ಡಿಗ್ರಿ. ಹಾಗಾಗಿ ಡಿಸೆಂಬರಿನಲ್ಲಿ ಚೌಕಟ್ಟಿನ ನಡುವೆ ಮುಳುಗಿದವನು ಮಾರ್ಚ್‌ನಲ್ಲಿ ಅದೇ ಚೌಕಟ್ಟಿನಲ್ಲಿ ಕಾಣುವುದೇ ಇಲ್ಲ. ಮಳೆ ನಿಂತ ಅಕ್ಟೋಬರ್-ನವೆಂಬರ್‌ನ ಗಾಳಿ ತಿಳಿ. ಬೇಸಿಗೆಯಲ್ಲಿ ಅನೇಕ ದಿನ ಸೂರ್ಯ ಕಡಲು ಮುಟ್ಟುವ ಮೊದಲೇ ಧೂಳಿನ ಪಟ್ಟೆಯಲ್ಲಿ ಕರಗಿಹೋಗುತ್ತಾನೆ.

ಮುಳುಗುವ ಹೊತ್ತಿನ ಸೆಟ್ಟಿಂಗ್: ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ ಸರಿಪಡಿಸುವ ಸೆಟ್ಟಿಂಗ್) ಆಟೋದಿಂದ ಬಿಡಿಸಿ ‘ಡೇಲೈಟ್’ಗೆ (5200 ಕೆಲ್ವಿನ್) ಅಥವಾ ‘ಕ್ಲೌಡಿ’ಗೆ (6000) ಹಾಕಿ. ಆಟೋ ಆ ಕೆಂಪನ್ನು ದೋಷವೆಂದು ತಿಳಿದು ತೊಳೆದುಬಿಡುತ್ತದೆ. ಎಕ್ಸ್‌ಪೋಷರ್ -2/3ರಿಂದ -1. ತೆಗೆದ ಮೇಲೆ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆಯ ನಕ್ಷೆ) ತೆರೆಯಿರಿ, ಸುಟ್ಟ ಭಾಗ ಮಿನುಗುತ್ತದೆ. ಸೂರ್ಯಬಿಂಬ ಮಿನುಗಿದರೆ ಚಿಂತೆಯಿಲ್ಲ, ಸುತ್ತಲ ಮೋಡವೂ ಮಿನುಗಿದರೆ ಇನ್ನೂ ತಗ್ಗಿಸಿ. ಪ್ರಖರ ಸೂರ್ಯನನ್ನು ವ್ಯೂಫೈಂಡರಿನ ಗಾಜಿನಲ್ಲಿ ನೋಡಬೇಡಿ, ಕಣ್ಣಿಗೆ ಅಪಾಯ. ಮುಳುಗಿದ ಮೇಲೆ ಇಪ್ಪತ್ತು ನಿಮಿಷ ಉಳಿಯಿರಿ. ಜನ ಗಿರ್ಮಿಟ್ ಅಂಗಡಿಯತ್ತ ಹೊರಡುವ ಹೊತ್ತಿಗೇ ಶಟರ್ ತಾನಾಗಿ ಅರ್ಧ ಸೆಕೆಂಡಿಗೆ ಇಳಿದಿರುತ್ತದೆ, ಹಿಂದಕ್ಕೆ ಸರಿಯುವ ಅಲೆಯ ನೊರೆ ಫಿಲ್ಟರಿಲ್ಲದೆಯೇ ಗೆರೆಗೆರೆಯಾಗಿ ಮೂಡುತ್ತದೆ. ಅಲೆ ಹಿಂದಿರುಗಲು ಶುರುವಾದ ಕ್ಷಣಕ್ಕೆ ಒತ್ತಬೇಕು. ಎರಡು ಸೆಕೆಂಡಿನ ಟೈಮರಿಗೆ ಆ ಕ್ಷಣ ದಕ್ಕುವುದಿಲ್ಲ, ಆರ್‌ಎಸ್-60ಇ3 ಎಂಬ ತಂತಿ ರಿಮೋಟ್ ಈ ಬಾಡಿಗೆ ಹೊಂದುತ್ತದೆ.

ಆದ್ದರಿಂದ ಮುಂದಿನ ದುಡ್ಡು ಲೆನ್ಸಿಗಲ್ಲ, ಟ್ರೈಪಾಡಿಗೆ. ಕ್ಯಾಮೆರಾ-ಲೆನ್ಸ್ ಸೇರಿ 675 ಗ್ರಾಂ ಇದ್ದರೂ ಕಡಲ ಗಾಳಿಗೆ ಟ್ರೈಪಾಡ್ ತಾನೇ ಒಂದೂಕಾಲು-ಒಂದೂವರೆ ಕೆಜಿ ತೂಗಬೇಕು. ಒದ್ದೆ ಮರಳಲ್ಲಿ ಕಾಲುಗಳನ್ನು ಅಗಲಿಸಿ, ಒತ್ತಿ ಹೂಳಿ, ಎರಡು ಅಲೆ ಹೋಗಲು ಬಿಟ್ಟು ಆಮೇಲೆ ಚೌಕಟ್ಟು ಕೂರಿಸಿ. ಮೊದಲ ಅಲೆಗೇ ಕಾಲಡಿಯ ಮರಳು ಕೊರೆದು ಅದು ವಾಲುತ್ತದೆ. ಟ್ರೈಪಾಡ್ ಮೇಲಿದ್ದಾಗ ಲೆನ್ಸಿನ ‘ಸ್ಟೆಬಿಲೈಸರ್’ ಆಫ್ ಮಾಡಿ, ಇಲ್ಲದ ನಡುಕವನ್ನು ಹುಡುಕುತ್ತ ಅದೇ ಚಿತ್ರ ಅಲುಗಾಡಿಸುವುದುಂಟು. ಒಂದು ಕಿರಿಕಿರಿ: ಬ್ಯಾಟರಿ, ಕಾರ್ಡ್ ಎರಡೂ ತಳದ ಒಂದೇ ಬಾಗಿಲ ಒಳಗಿವೆ. ದೊಡ್ಡ ಪ್ಲೇಟ್ ಇರುವ ಟ್ರೈಪಾಡಾದರೆ ಕಾರ್ಡ್ ಬದಲಿಸಲು ಪ್ಲೇಟನ್ನೇ ಬಿಚ್ಚಬೇಕು. ಸಣ್ಣ ಪ್ಲೇಟಿನದನ್ನೇ ನೋಡಿ ಕೊಳ್ಳಿ.

ಅರ್ಗಾ ಕಡೆಯ ನೌಕಾನೆಲೆ ಮತ್ತು ಕೈಗಾ ಸುತ್ತಮುತ್ತ ನಿಷೇಧದ ಫಲಕ ಇರುವಲ್ಲಿ ಕ್ಯಾಮೆರಾ ಚೀಲದಲ್ಲೇ ಇರಲಿ. ಮಳೆಗಾಲದಲ್ಲಿ ಓಂ ಬೀಚಿನ ಬಂಡೆ ಹತ್ತಬೇಡಿ, ಪಾಚಿ ಸೋಪಿಗಿಂತ ಜಾರುತ್ತದೆ.

ಬಾಡಿಗೂ ಲೆನ್ಸಿಗೂ ನೀರು ತಡೆಯುವ ಸೀಲ್ ಇಲ್ಲ. ಸೆನ್ಸರಿನ ಧೂಳು ಕೊಡವುವ ವ್ಯವಸ್ಥೆಯೂ ಇಲ್ಲ. ಬೀಚಿನಲ್ಲಿ ಲೆನ್ಸ್ ಬಿಚ್ಚಿದರೆ ಎಫ್/16ರ ಆಕಾಶದಲ್ಲಿ ಕಪ್ಪು ಚುಕ್ಕೆಗಳು ಗ್ಯಾರಂಟಿ. ಬಾಯಿಂದ ಊದಬೇಡಿ, ರಬ್ಬರ್ ಬ್ಲೋವರ್ ಬಳಸಿ. ಎಸಿ ಕೋಣೆಯಿಂದ ಹೊರಟರೆ ಕ್ಯಾಮೆರಾವನ್ನು ಚೀಲದೊಳಗೇ ಅರ್ಧ ಗಂಟೆ ಬಿಡಿ, ಇಲ್ಲವಾದರೆ ಗಾಜಿನ ಮೇಲೆ ಹನಿ ಕೂರುತ್ತದೆ. ಮನೆಗೆ ಬಂದ ದಿನವೇ ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಎಳೆದು ಸಿಹಿನೀರಲ್ಲಿ ತೊಳೆದು ಒಣಗಿಸಿ, ಕ್ಯಾಮೆರಾವನ್ನು ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಪಂಚೆಯ ಸೆರಗು ಬೇಡ, ಅದರಲ್ಲಿ ಮರಳಿರುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಉಪಾಯವೂ ಬೇಡ, ಹಿಟ್ಟಿನ ಧೂಳು ಒಳಗೆ ಸೇರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಂದು ಹಿಡಿ ಸಿಲಿಕಾ ಜೆಲ್, ತೇವಾಂಶ ತೋರಿಸುವ ಸಣ್ಣ ಮೀಟರ್. ಮುಳ್ಳು 40-50%ರ ನಡುವೆ ಇರಲಿ. ನೀಲಿ ಹರಳು ಗುಲಾಬಿಯಾದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಮತ್ತೆ ನೀಲಿಯಾಗುವವರೆಗೆ ಬಿಸಿ ಮಾಡಿ. ಅಡುಗೆಯ ಬಾಣಲೆಯಲ್ಲಲ್ಲ, ಅದಕ್ಕೇ ಬೇರೆ ಒಂದು ಹಳೆಯದು ಇಟ್ಟುಕೊಳ್ಳಿ.