ಪುಣೆಯಲ್ಲಿ ಹಳೆ ಜಾವಾ ಕೊಳ್ಳುವ ಮುಂಚೆ ಇದನ್ನು ಓದಿ

ಟ್ಯಾಂಕಿನ ಮೇಲೆ ಜಾವಾ ಅಂತ ಬರೆದಿದ್ದ ಮಾತ್ರಕ್ಕೆ ಬೈಕು ಜಾವಾ ಆಗಲ್ಲ. ಇಲ್ಲಿ ಪುಣೆಯಲ್ಲಿ ನಮ್ಮ ಭಾವನಿಗೆ, ಅದೇ ಕಂಪನಿ ಆಮೇಲೆ ಮಾಡಿದ ಯೆಜ್ಡಿ ಬೈಕಿಗೆ ಜಾವಾ ವೇಷ ಹಾಕಿ ಮಾರಿದರು. ರೇಟು ಯೆಜ್ಡಿಯದಕ್ಕಿಂತ ಹೆಚ್ಚುಕಮ್ಮಿ ದುಪ್ಪಟ್ಟು. ಮಾರಿದವನ ಹೆಸರು ಹಾಕುವುದಿಲ್ಲ, ಈ ಆಟ ಆಡುವವನು ಅವನೊಬ್ಬನೇ ಅಲ್ಲ.

ಭಾವ ಮೈಸೂರಿನವರು. 1961ರಿಂದ 1996ರವರೆಗೆ ಈ ಗಾಡಿಗಳನ್ನು ಮಾಡಿದ ಐಡಿಯಲ್ ಜಾವಾ ಫ್ಯಾಕ್ಟರಿ ಇದ್ದದ್ದು ಅಲ್ಲೇ, ಯಾದವಗಿರಿಯಲ್ಲಿ. ನಾವು ಕನ್ನಡದಲ್ಲಿ ಮಾತಾಡಿಕೊಳ್ಳುವುದು ಕಿವಿಗೆ ಬಿದ್ದಿದ್ದೇ ತಡ, "ಸಾಹೇಬ್, ಇದು ನಿಮ್ಮ ಊರಿನ ಗಾಡಿ" ಅಂತ ಮಾರುವವನು ಶುರು ಹಚ್ಚಿಕೊಂಡ.

ಹ್ಯಾಂಡಲ್‌ಗೆ ಲ್ಯಾಮಿನೇಟ್ ಮಾಡಿದ ಒಂದು ಕಾರ್ಡು ನೇತಾಡುತ್ತಿತ್ತು. 293 ಸಿಸಿ, 27 ಬಿಎಚ್‌ಪಿ, 6 ಗೇರ್. ಇದು 2018ರಲ್ಲಿ ಬಂದ ಹೊಸ ಫೋರ್-ಸ್ಟ್ರೋಕ್ ಜಾವಾದ ಲೆಕ್ಕ! ಹಳೆಯದು 250 ಸಿಸಿ ಟೂ-ಸ್ಟ್ರೋಕ್. ಪವರ್ 12 ಎಚ್‌ಪಿ ಆಸುಪಾಸು, ಗೇರ್ ನಾಲ್ಕೇ. ಕೇಳಿದರೆ "ಟ್ಯೂನಿಂಗ್ ಮಾಡ್ಸಿದ್ದೀನಿ" ಅಂದ. ಟ್ಯೂನಿಂಗ್ ಮಾಡಿಸಿದರೆ ಗೇರ್ ಮರಿ ಹಾಕುತ್ತಾ? ಸುಮ್ನೆ ಕಾರ್ಡು ತೆಗೆದು ಒಳಗಿಟ್ಟ.

ಆಮೇಲೆ ಬಂದವು ನೋಡಿ, ಅವನ ಪುರಾವೆಗಳು. ಸಿಂಗಲ್ ಸಿಲಿಂಡರ್‌ಗೆ ಎರಡು ಸೈಲೆನ್ಸರ್ ತೋರಿಸಿದ. ಗೇರ್ ಲಿವರ್ ಒಳಕ್ಕೆ ಒತ್ತಿ ಮೇಲೆತ್ತಿ, ಅದನ್ನೇ ಕಿಕ್ ಮಾಡಿ ಸ್ಟಾರ್ಟ್ ಮಾಡಿದ. ಕೊನೆಗೆ ಆರ್‌ಸಿ ತೆಗೆದು ಬೆರಳಿಟ್ಟು ತೋರಿಸಿದ: "ನೋಡಿ, ಜಾವಾ ಅಂತಾನೇ ಇದೆ." ಭಾವ ಕರಗಿದ್ದು ಇದಕ್ಕೇ. ಆದರೆ ಈ ಮೂರೂ ಯೆಜ್ಡಿಯಲ್ಲೂ ಹಾಗೇ ಇರುತ್ತವೆ. ಯೆಜ್ಡಿ ಮಾಡಿದ್ದೂ ಐಡಿಯಲ್ ಜಾವಾ ಕಂಪನಿಯೇ, ಹಾಗಾಗಿ ತಯಾರಕರ ಹೆಸರಿನಲ್ಲಿ ಜಾವಾ ಇದ್ದೇ ಇರುತ್ತದೆ. ಸಿಸಿ ನೋಡಿದರೂ ಪ್ರಯೋಜನ ಇಲ್ಲ, ಯೆಜ್ಡಿಯೂ 250ನೇ.

ನೋಡಬೇಕಾದ್ದು ಇಸವಿ. ಇಲ್ಲಿ 1973ರಿಂದ ಗಾಡಿಗೆ ಯೆಜ್ಡಿ ಹೆಸರು ಬಂತು. ಈ ಆರ್‌ಸಿಯಲ್ಲಿದ್ದದ್ದು 1984. "ಅದು ರಿಜಿಸ್ಟ್ರೇಷನ್ ಲೇಟಾಗಿ ಆಗಿದ್ದು" ಅಂದ. ಹತ್ತು ವರ್ಷಕ್ಕೂ ಜಾಸ್ತಿ ಲೇಟಾ?

ಅರ್ಧ ದುಡ್ಡು ಕೊಟ್ಟಾಗಿತ್ತು, ಉಳಿದದ್ದು ಹೆಸರು ವರ್ಗಾವಣೆ ಆದ ಮೇಲೆ ಅಂತ ಮಾತು. ನಾನಾ ಪೇಠೆಯ ಸ್ಪೇರ್ ಪಾರ್ಟ್ ಅಂಗಡಿಗಳ ಹತ್ತಿರ ಒಬ್ಬ ಹಳೆ ಮೇಸ್ತ್ರಿಗೆ ಗಾಡಿ ತೋರಿಸಿದೆವು. ಅವರು ಮಾತೇ ಆಡಲಿಲ್ಲ. ಬಟ್ಟೆಗೆ ಪೆಟ್ರೋಲ್ ಅದ್ದಿ ಇಂಜಿನ್ ನಂಬರ್ ಉಜ್ಜಿದರು. ಬೆಳ್ಳಿ ಬಣ್ಣ ಕರಗಿದ ಕೂಡಲೇ ಅರದಿಂದ ತಿಕ್ಕಿದ ಗೀರು ಕಂಡಿತು. ಅದರ ಮೇಲೆ ಹೊಸದಾಗಿ ಹೊಡೆದ ಅಂಕಿಗಳು, ಒಂದು ಆಳ, ಒಂದು ಮೇಲಕ್ಕೆ, 7 ಅಂತೂ ಪೂರ್ತಿ ವಾಲಿಕೊಂಡಿತ್ತು. ಆರ್‌ಟಿಒದಲ್ಲಿ ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಗುರುತೂ ಆರ್‌ಸಿಗೆ ಹೊಂದಲಿಲ್ಲ. ಫೈಲು ಅಲ್ಲಿಗೇ ನಿಂತಿತು.

ಕರ್ನಾಟಕದ ನಂಬರ್ ಪ್ಲೇಟ್ ನೋಡಿ ಖುಷಿಪಡುವವರಿಗೆ ಇನ್ನೊಂದು ಮಾತು. ಗಾಡಿ ಮಹಾರಾಷ್ಟ್ರಕ್ಕೆ ಬರಬೇಕಾದರೆ ಮೂಲ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಬೇಕು, ಅದು ಫಾರ್ಮ್ 28. ಹೆಸರು ಬದಲಿಗೆ 29, 30. ಎಷ್ಟೋ ಹಳೆ ಗಾಡಿಗಳ ದಾಖಲೆ ಕಂಪ್ಯೂಟರಿಗೆ ಏರಿರುವುದೇ ಇಲ್ಲ. "ಎನ್‌ಒಸಿ ನಾನು ಮಾಡಿಸಿಕೊಡ್ತೀನಿ" ಅನ್ನುವವನಿಗೆ, ಮೊದಲು ಮಾಡಿಸಿ ತಾ, ಆಮೇಲೆ ದುಡ್ಡು ಅನ್ನಿ.

ಇನ್ನು 6 ವೋಲ್ಟ್ ತೆಗೆದು 12 ವೋಲ್ಟ್ ಹಾಕಿಸಿರುವುದನ್ನು ನಾನು ಮೋಸ ಅನ್ನಲ್ಲ. ರಾತ್ರಿ ಹೊತ್ತು ಆ ಹಳೆ ಲೈಟು ನಂಬಿಕೊಂಡು ಓಡಿಸುವುದು ಕಷ್ಟವೇ. ಆದರೆ ಹೇಳಿ ಮಾರಬೇಕು ಅಲ್ವಾ? ಪೆಟ್ರೋಲ್‌ಗೆ 2ಟಿ, ಅಂದರೆ ಟೂ-ಸ್ಟ್ರೋಕ್ ಇಂಜಿನ್ನಿನ ಆಯಿಲ್ ಬೆರೆಸಬೇಕು ಅಂತಲೂ ಇವನು ಬಾಯಿ ಬಿಟ್ಟಿರಲಿಲ್ಲ. ಆಯಿಲ್ ಬೆರೆಸದೆ ಓಡಿಸಿದರೆ ಪಿಸ್ಟನ್ ಹಿಡಿದುಕೊಂಡು ಇಂಜಿನ್ ಜಾಮ್ ಆಗುತ್ತದೆ. ಅದೊಂದು ನಮಗೆ ಮೊದಲೇ ಗೊತ್ತಿತ್ತು.

ಅಪ್ಪಟ ಯೆಜ್ಡಿಯಾಗಿ, ಯೆಜ್ಡಿಯ ರೇಟಿಗೆ ಸಿಕ್ಕಿದ್ದರೆ ಭಾವ ಖುಷಿಯಿಂದಲೇ ತಗೊಳ್ಳುತ್ತಿದ್ದರು. ಈಗ ಗಾಡಿ ಅವನ ಶೆಡ್ಡಿನಲ್ಲೇ ಇದೆ, ಅಡ್ವಾನ್ಸ್ ಅವನ ಜೇಬಿನಲ್ಲಿದೆ, ಫೋನ್ ಎತ್ತುತ್ತಿಲ್ಲ. ಯಾರಾದರೂ ಇಂಥ ಗಾಡಿ ನೋಡಲು ಹೊರಟಿದ್ದರೆ ಟೋಕನ್ ಕೊಡುವ ಮುಂಚೆ ಚಾಸಿ ನಂಬರಿನ ಪೆನ್ಸಿಲ್ ಗುರುತು ತೆಗೆದು ಆರ್‌ಸಿ ಪಕ್ಕ ಇಟ್ಟು ನೋಡಿ. ಪೆನ್ಸಿಲ್ ಹಚ್ಚಲು ಬಿಡದಿದ್ದರೆ ಚಹಾ ಕುಡಿದು ಎದ್ದು ಬನ್ನಿ.