ಮಿಲಾನ್‌ನಲ್ಲಿ ರೂಮು ಎಲ್ಲಿ ಮಾಡಬೇಕು: ಪೋರ್ತಾ ವೆನೆಜಿಯಾ, ನಾವೀಲಿ, ನೋಲೊ

ಮಿಲಾನ್‌ಗೆ ಹೋಗುವ ಗೇ, ಲೆಸ್ಬಿಯನ್, ಟ್ರಾನ್ಸ್ ಪ್ರವಾಸಿಗರಲ್ಲಿ ಬಹಳ ಮಂದಿ ಮಾಡುವ ತಪ್ಪು ಒಂದೇ. ಕಾಲುವೆಯ ಫೋಟೊ ನೋಡಿ ನಾವೀಲಿಯಲ್ಲಿ ರೂಮು ಮಾಡುತ್ತಾರೆ, ಆಮೇಲೆ ದಿನಾ ಸರಿರಾತ್ರಿ ಊರಿನ ಆ ತುದಿಯಿಂದ ಈ ತುದಿಗೆ ವಾಪಸು ಬರಲು ಒದ್ದಾಡುತ್ತಾರೆ. ಕಾಲುವೆ ಇರುವುದು ನೈಋತ್ಯಕ್ಕೆ. ನಮ್ಮವರು ಸೇರುವ ಬೀದಿಗಳು ಇರುವುದು ಈಶಾನ್ಯಕ್ಕೆ, ಪೋರ್ತಾ ವೆನೆಜಿಯಾದಲ್ಲಿ. ಆದ್ದರಿಂದ ಮೊದಲೇ ಹೇಳಿಬಿಡುವುದು ಒಳ್ಳೆಯದು: ಕೈಯಲ್ಲಿ ಸ್ವಲ್ಪ ದುಡ್ಡಿದ್ದು, ರಾತ್ರಿ ಹನ್ನೆರಡರವರೆಗಾದರೂ ಹೊರಗಿರುವ ಅಭ್ಯಾಸವಿದ್ದರೆ ಪೋರ್ತಾ ವೆನೆಜಿಯಾ. ದುಡ್ಡು ಬಿಗಿಯಾಗಿದ್ದರೆ ಅಲ್ಲಿಂದ ಉತ್ತರಕ್ಕಿರುವ ಬಡಾವಣೆ ನೋಲೊ. ನಾವೀಲಿಗೆ ಒಂದು ಸಂಜೆ ಹೋಗಿ ಬಂದರೆ ಸಾಕು, ಅಲ್ಲಿ ಮಲಗಬೇಕಿಲ್ಲ.

ಪೋರ್ತಾ ವೆನೆಜಿಯಾ ಮೆಟ್ರೊದ ಕೆಂಪು ಲೈನಿನಲ್ಲಿದೆ (ಎಂ1). ಅಲ್ಲಿಂದ ಊರ ನಡುವಿನ ದೊಡ್ಡ ಚರ್ಚು ದುವೋಮೊಗೆ ಮೂರನೇ ನಿಲ್ದಾಣ. 2018ರ ಪ್ರೈಡ್ ಮೆರವಣಿಗೆಗೆಂದು ಸ್ಟೇಷನ್ನಿನೊಳಗೆ ಬಳಿದ ಕಾಮನಬಿಲ್ಲಿನ ಪಟ್ಟೆಗಳನ್ನು ಆಮೇಲೆ ಅಳಿಸದೆ ಹಾಗೇ ಉಳಿಸಿಕೊಂಡಿದ್ದಾರೆ. ಮೇಲೆ ಬಂದು ನಾಲ್ಕೈದು ನಿಮಿಷ ನಡೆದರೆ ವಿಯಾ ಲೆಕ್ಕೊ. ಅದು, ಅದರ ಸುತ್ತಲಿನ ವಿಯಾ ತಾದಿನೊ, ವಿಯಾ ಪಾನ್‌ಫಿಲೊ ಕಸ್ತಾಲ್ದಿ, ಕೋರ್ಸೊ ಬುಯೆನೊಸ್ ಐರೆಸ್‌ನ ಆಚೆ ಬದಿಯ ವಿಯಾ ಮೆಲ್ಜೊ, ಇಷ್ಟೇ ಜಾಗ. ಬೀದಿಗಳು ಗೆರೆ ಎಳೆದಷ್ಟು ನೇರ, ಅಗಲ ಕಡಿಮೆ. 1489ರಿಂದ 1513ರವರೆಗೆ ಕಟ್ಟಿದ ಪ್ಲೇಗಿನ ಆಸ್ಪತ್ರೆ, ಲಾತ್ಸರೆತ್ತೊ, ಇದ್ದ ನೆಲ ಇದು. ಹತ್ತೊಂಬತ್ತನೇ ಶತಮಾನದ ಕೊನೆಗೆ ಅದನ್ನು ಕೆಡವಿ ಸೈಟು ಮಾಡಿದರು. ಆ ಕಾಲದಲ್ಲಿ ರೋಗಿಗಳನ್ನು ಊರಾಚೆ ಇಡುತ್ತಿದ್ದ ಜಾಗದಲ್ಲೇ ಈಗ ಊರಿನ ಅತಿ ಗೌಜಿನ ಸಂಜೆಗಳು ನಡೆಯುತ್ತವೆ. 1990ರ ದಶಕದಲ್ಲಿ 'ಗೇ ಬೀದಿ' ಅನ್ನಿಸಿಕೊಂಡಿದ್ದು ಇದಲ್ಲ, ಚೆಂತ್ರಾಲೆ ರೈಲು ನಿಲ್ದಾಣದ ಗೋಡೆಗೆ ಅಂಟಿದ ವಿಯಾ ಸಮ್ಮಾರ್ತಿನಿ. ಹಳೆಯ ಗೈಡುಗಳಲ್ಲಿ ಇನ್ನೂ ಅದೇ ಹೆಸರು ಕಂಡರೆ ಆ ಗೈಡನ್ನು ಪಕ್ಕಕ್ಕಿಡಿ.

ವಿಯಾ ಲೆಕ್ಕೊದ ಲೆಕ್ಕೊಮಿಲಾನೊ, ಮೋನೊ ಥರದ ಬಾರುಗಳಿಗೆ ಮುಚ್ಚಿದ ಬಾಗಿಲು, ಬಾಗಿಲಲ್ಲಿ ನಿಂತ ಬೌನ್ಸರ್ ಎಂಬ ಕಲ್ಪನೆ ಹೊತ್ತು ಹೋಗಬೇಡಿ. ಜನ ಗ್ಲಾಸು ಹಿಡಿದು ಬೀದಿಯಲ್ಲೇ ನಿಲ್ಲುತ್ತಾರೆ. ಆರೂವರೆ ಏಳಕ್ಕೆ ಅಪೆರಿತೀವೊ, ಅಂದರೆ ಊಟಕ್ಕೆ ಮುಂಚಿನ ಕುಡಿತ-ಕುರುಕಲು, ಶುರು, ಹತ್ತರ ನಂತರ ಜನಜಂಗುಳಿ. ಗಂಡಸರಷ್ಟೇ ಅಲ್ಲ, ಹೆಂಗಸರ ಗುಂಪುಗಳು, ಟ್ರಾನ್ಸ್ ಮಂದಿ, ಆಫೀಸು ಮುಗಿಸಿ ಬಂದ ಯಾರ್‍ಯಾರೋ ಎಲ್ಲ ಬೆರೆತಿರುತ್ತಾರೆ. ಒಬ್ಬರೇ ಹೋಗಿ ಗೋಡೆಗೆ ಒರಗಿ ನಿಂತರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ನಡುರಾತ್ರಿಯ ನಂತರ ಗ್ಲಾಸು ಹೊರಗೆ ಒಯ್ಯಬಾರದೆಂದು ನಗರಸಭೆ ಆಗಾಗ ಆದೇಶ ಹೊರಡಿಸುತ್ತದೆ. ಬಾರಿನವನು ತಡೆದರೆ ಅದು ನಿಮ್ಮ ಮೇಲಿನ ಸಿಟ್ಟಲ್ಲ. ಸೌನಾ (ಹಬೆಸ್ನಾನದ ಮನೆ), ಕ್ರೂಸಿಂಗ್ (ಸಂಗಾತಿ ಹುಡುಕುವ) ಕ್ಲಬ್ಬುಗಳದ್ದು ಬೇರೆ ಲೆಕ್ಕ. ಅವು ಹೆಚ್ಚಾಗಿ ಸದಸ್ಯರ ಸಂಘಗಳಾಗಿ ನೋಂದಾಯಿಸಿಕೊಂಡಿರುತ್ತವೆ, ಬಾಗಿಲಲ್ಲೇ 'ತೆಸ್ಸೆರಾ' ಅಂದರೆ ಸದಸ್ಯತ್ವದ ಕಾರ್ಡು ಮಾಡಿಸಬೇಕು. ಅದಕ್ಕೆ ಪಾಸ್‌ಪೋರ್ಟು ಕೇಳುತ್ತಾರೆ. ಫೋನಿನಲ್ಲಿರುವ ಅದರ ಫೋಟೊವನ್ನು ನಂಬಿ ಹೋಗಬೇಡಿ.

ಇನ್ನು ಹಾಸಿಗೆ. ಮಿಲಾನ್‌ನಲ್ಲಿ ಜೋಡಿಗಳ ತಲೆ ಕೆಡಿಸುವುದು ಬಾರೂ ಅಲ್ಲ, ಪೊಲೀಸರೂ ಅಲ್ಲ, ಈ ಹಾಸಿಗೆ. ಇಟಲಿಯಲ್ಲಿ 'ಕಾಮೆರಾ ದೊಪ್ಪಿಯಾ' ಅಂದರೆ ಎರಡು ಒಂಟಿ ಮಂಚದ ಕೋಣೆ. ಒಂದೇ ದೊಡ್ಡ ಮಂಚದ್ದು 'ಕಾಮೆರಾ ಮಾತ್ರಿಮೋನಿಯಾಲೆ'. ಬುಕಿಂಗ್ ಜಾಲತಾಣಗಳು ಎರಡನ್ನೂ 'ಡಬಲ್ ರೂಮ್' ಎಂದೇ ತೋರಿಸಿ ಕೈತೊಳೆದುಕೊಳ್ಳುತ್ತವೆ. ಸರಿಯಾಗಿ ನೋಡಿ ಮಾತ್ರಿಮೋನಿಯಾಲೆಯನ್ನೇ ಆರಿಸಿದಿರಿ ಅಂದುಕೊಳ್ಳಿ. ಚಿಕ್ಕ ಹೋಟೆಲುಗಳಲ್ಲಿ ಬುಕಿಂಗಿನಲ್ಲಿ ಇಬ್ಬರು ಗಂಡಸರ ಹೆಸರು ಕಂಡ ಕೂಡಲೇ, ಪಾಪ ಗೆಳೆಯರು ತಪ್ಪಾಗಿ ಒತ್ತಿರಬೇಕು ಎಂದು ತಾವೇ ಉಪಕಾರ ಮಾಡಿ ಎರಡು ಮಂಚಕ್ಕೆ ಬದಲಾಯಿಸಿಬಿಡುವುದುಂಟು. ಅದರಲ್ಲಿ ದ್ವೇಷ ಇರುವುದು ಅಪರೂಪ, ಅಂದಾಜು ತಪ್ಪುವುದೇ ಹೆಚ್ಚು. ಆದರೆ ರಾತ್ರಿ ಹನ್ನೊಂದಕ್ಕೆ, ಹೋಟೆಲ್ ತುಂಬಿರುವಾಗ ಅದನ್ನು ಸರಿಪಡಿಸುವುದು ಕಷ್ಟ.

ಎರಡನೇ ತೊಡಕು ಅಳತೆಯದು. ಮಾತ್ರಿಮೋನಿಯಾಲೆ ಅಂದರೆ 160 ಸೆಂಟಿಮೀಟರ್ ಅಥವಾ ಹೆಚ್ಚು ಅಗಲ. 'ಅಲ್ಲಾ ಫ್ರಾಂಚೇಸೆ' ಅಂತ ಬರೆದಿದ್ದರೆ ಅದು ಬರೀ 140. 'ಉನಾ ಪಿಯಾತ್ಸಾ ಎ ಮೆತ್ಸಾ', ಅಕ್ಷರಶಃ ಒಂದೂವರೆ ಆಳಿನದು, 120. ಇಬ್ಬರು ವಯಸ್ಕರಿಗೆ 120ರಲ್ಲಿ ನಿದ್ದೆ ಬರುವುದಿಲ್ಲ. ಮೂರನೆಯದು, ಮಾತ್ರಿಮೋನಿಯಾಲೆ ಎಂದು ಕೊಟ್ಟ ಮಂಚವೇ ಎಷ್ಟೋ ಕಡೆ ಎರಡು ಒಂಟಿ ಹಾಸಿಗೆ ಜೋಡಿಸಿ ಮೇಲೊಂದು ದೊಡ್ಡ ಚಾದರ ಎಳೆದದ್ದು. ನಡುರಾತ್ರಿ ಹಾಸಿಗೆಗಳು ಸರಿದು ಬಿರುಕು ಬಿಡುತ್ತವೆ, ಒಬ್ಬರ ಮೊಣಕೈ ಅದರೊಳಗೆ.

ಇದಕ್ಕೆಲ್ಲ ಮದ್ದು ಬುಕಿಂಗಿನ ದಿನವೇ ಕಳಿಸುವ ಎರಡು ಸಾಲು. 'ಸಿಯಾಮೊ ಉನಾ ಕೋಪ್ಪಿಯಾ', ನಾವು ಜೋಡಿ. 'ಉನ್ ಲೆತ್ತೊ ಮಾತ್ರಿಮೋನಿಯಾಲೆ ಕೊನ್ ಉನ್ ಸೋಲೊ ಮಾತೆರಾಸ್ಸೊ', ಒಂದೇ ಹಾಸಿಗೆಯ ದೊಡ್ಡ ಮಂಚ. ಹೋಟೆಲಿನವರು ಒಪ್ಪಿ ಬರೆದ ಉತ್ತರವನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಉತ್ತರ ತಿರುಚಿ ಬಂದರೆ ಅಥವಾ ಬಾರದೇ ಹೋದರೆ ಉಚಿತವಾಗಿ ರದ್ದು ಮಾಡುವ ಅವಧಿಯೊಳಗೇ ಬೇರೆ ಕಡೆ ನೋಡಿ. ತಮಾಷೆ ಏನೆಂದರೆ ಮಾತ್ರಿಮೋನಿಯಾಲೆ ಎಂಬ ಮಾತಿನ ಅರ್ಥವೇ 'ಮದುವೆಯ'. ಇಟಲಿಯ ಕಾನೂನು ಇಬ್ಬರು ಗಂಡಸರಿಗೆ, ಇಬ್ಬರು ಹೆಂಗಸರಿಗೆ ಇನ್ನೂ ಮದುವೆ ಕೊಟ್ಟಿಲ್ಲ. 2016ರಿಂದ ಇರುವುದು 'ಉನಿಯೋನೆ ಚಿವೀಲೆ', ನಾಗರಿಕ ಒಕ್ಕೂಟ ಮಾತ್ರ. ದ್ವೇಷಾಪರಾಧದ ವಿರುದ್ಧ ತಂದ ಮಸೂದೆಯನ್ನು 2021ರ ಅಕ್ಟೋಬರಿನಲ್ಲಿ ಸೆನೆಟ್ ತಳ್ಳಿಹಾಕಿತು. ಮದುವೆ ಸಿಗದಿದ್ದರೂ ಮದುವೆಯ ಮಂಚವನ್ನಾದರೂ ಕೇಳಿ ಪಡೆಯಿರಿ.

ಈ ವಿಷಯದಲ್ಲಿ ಪೋರ್ತಾ ವೆನೆಜಿಯಾ ಎದ್ದು ಗೆಲ್ಲುತ್ತದೆ. ಅಲ್ಲಿನ ಹೋಟೆಲಿನವರಿಗೆ ಇಬ್ಬರು ಗಂಡಸರು ಒಂದು ಮಂಚ ಕೇಳುವುದು ದಿನನಿತ್ಯದ ಮಾತು, ಹುಬ್ಬು ಏರುವುದಿಲ್ಲ. ನಾವೀಲಿಯಲ್ಲಿ ಹೆಚ್ಚಿನವು ಬಾಡಿಗೆ ಫ್ಲ್ಯಾಟುಗಳು, ಅಲ್ಲಿ ಒಂದು ಮಂಚದ ಜೊತೆ ಒಂದು ಸೋಫಾ-ಮಂಚವೂ ಇರುತ್ತದೆ. ಮಾಲೀಕರು ಬಿಡಿಸಿಟ್ಟ ಸೋಫಾವನ್ನು ಮಡಿಸಿಟ್ಟರೆ ಆಯಿತು.

ಗದ್ದಲ ಮಾತ್ರ ಪೋರ್ತಾ ವೆನೆಜಿಯಾದ ಸೋಲು. ವಿಯಾ ಲೆಕ್ಕೊ ಕಡೆಗೆ ಕಿಟಕಿ ಇರುವ ರೂಮಿನಲ್ಲಿ ವಾರಾಂತ್ಯ ಎರಡು ಗಂಟೆಗೆ ಮುಂಚೆ ಕಣ್ಣು ಹತ್ತುವುದಿಲ್ಲ. ಮಿಲಾನ್‌ನ ಹಳೆ ಕಟ್ಟಡಗಳ ನಡುವೆ ನಮ್ಮ ತೊಟ್ಟಿಮನೆಯ ಹಾಗೆ ಒಳ ಅಂಗಳ ಇರುತ್ತದೆ. 'ಸುಲ್ ಕೊರ್ತೀಲೆ', ಅಂಗಳದ ಕಡೆಗೆ, ಎಂದು ಕೇಳಿದರೆ ಅದೇ ಬೀದಿಯಲ್ಲೇ ಸದ್ದಿಲ್ಲದ ರೂಮು ಸಿಗುತ್ತದೆ. ನೋಟ ಇರುವುದಿಲ್ಲ, ನಿದ್ದೆ ಇರುತ್ತದೆ.

ನಾವೀಲಿಯ ಕಥೆ ಇಷ್ಟು. ಹಸಿರು ಲೈನಿನ (ಎಂ2) ಪೋರ್ತಾ ಜೆನೊವಾ ಸ್ಟೇಷನ್. ಸಂಜೆ ಬಿಸಿಲು ನಾವೀಲಿಯೊ ಗ್ರಾಂದೆಯ ನೀರಿನ ಮೇಲೆ ಬೀಳುವ ಹೊತ್ತು ನಿಜಕ್ಕೂ ಚೆಂದ. ಹೆಚ್ಚಿನ ತಿಂಗಳುಗಳಲ್ಲಿ ಕೊನೆಯ ಭಾನುವಾರ ದಡದುದ್ದಕ್ಕೂ ಹಳೆ ಸಾಮಾನಿನ ಸಂತೆ ಕೂರುತ್ತದೆ. ಆದರೆ ನೀರಿದ್ದಲ್ಲಿ ಸೊಳ್ಳೆ. ಕಿಟಕಿಗೆ ಜಾಲರಿ ಇರುತ್ತದೆಂಬ ಭರವಸೆಯಿಲ್ಲ, ಜುಲೈ-ಆಗಸ್ಟಿಗೆ ಊರಿನಿಂದಲೇ ಸೊಳ್ಳೆಬತ್ತಿಯ ಕಿಟ್ ಒಯ್ಯುವುದು ಜಾಣತನ. ಚಳಿಗಾಲ ಮುಗಿಯುವ ಹೊತ್ತಿಗೆ ದುರಸ್ತಿಗೆಂದು ಕಾಲುವೆಯ ನೀರು ಖಾಲಿ ಮಾಡುತ್ತಾರೆ. ಆಗ ಫೋಟೊದಲ್ಲಿದ್ದ ನೀರಿನ ಜಾಗದಲ್ಲಿ ಕೆಸರು, ಬಾಟಲಿ, ಒಮ್ಮೊಮ್ಮೆ ಸೈಕಲ್ಲು. ರಾತ್ರಿ ಕುಡಿದ ಹುಡುಗರ ಗುಂಪು ಜಾಸ್ತಿ. ಅಪಾಯ ಅನ್ನುವಷ್ಟಲ್ಲ, ಆದರೆ ಕೈಹಿಡಿದು ನಡೆಯುವ ಜೋಡಿಗೆ ಮಾತು ತೂರಿಬರುವುದಿದ್ದರೆ ಇಲ್ಲಿಂದಲೇ.

ಕೈಹಿಡಿಯುವುದರ ಬಗ್ಗೆ ಇನ್ನೊಂದು ಮಾತು. ನಮ್ಮೂರಲ್ಲಿ ಇಬ್ಬರು ಗಂಡಸರು ಹೆಗಲ ಮೇಲೆ ಕೈಹಾಕಿ, ಕಿರುಬೆರಳು ಹಿಡಿದು ನಡೆದರೆ ದೋಸ್ತಿ ಅಂದುಕೊಳ್ಳುತ್ತಾರೆ. ಮಿಲಾನ್‌ನಲ್ಲಿ ಅದನ್ನೇ ನೋಡಿದವರು ಜೋಡಿ ಎಂದೇ ಓದುತ್ತಾರೆ. ಊರಲ್ಲಿ ಅಡಗಿಸಲು ನೆರವಾಗುವ ಅಭ್ಯಾಸ ಅಲ್ಲಿ ಸಾರಿ ಹೇಳುತ್ತದೆ. ಪೋರ್ತಾ ವೆನೆಜಿಯಾದಲ್ಲಿ ಅದಕ್ಕೆ ಯಾರೂ ತಿರುಗಿಯೂ ನೋಡುವುದಿಲ್ಲ. ರಾತ್ರಿ ಚೆಂತ್ರಾಲೆ ನಿಲ್ದಾಣದ ಮುಂದೆ ಮಾತ್ರ ಕೈ ಬಿಡಿ, ಜೇಬು ಹಿಡಿಯಿರಿ. ಅಲ್ಲಿನ ತೊಂದರೆ ಕಿಸೆಗಳ್ಳರದು.

ರಾತ್ರಿ ವಾಪಸಾಗುವ ಲೆಕ್ಕ ನೋಡಿ. ಮೆಟ್ರೊ ಹನ್ನೆರಡೂವರೆ ಹೊತ್ತಿಗೆ ನಿಲ್ಲುತ್ತದೆ. ನಾವೀಲಿಗೂ ಪೋರ್ತಾ ವೆನೆಜಿಯಾಕ್ಕೂ ನೇರ ಕೊಂಡಿ 9ನೇ ನಂಬರಿನ ಟ್ರ್ಯಾಮು, ಪೋರ್ತಾ ಜೆನೊವಾದಿಂದ ಹೊರಟು ಪೋರ್ತಾ ವೆನೆಜಿಯಾ ಮೇಲೆ ಹಾದು ಚೆಂತ್ರಾಲೆಗೆ ಹೋಗುತ್ತದೆ. ಹಗಲಿಗೆ ಒಳ್ಳೆಯ ಸವಾರಿ, ನಡುರಾತ್ರಿ ಮೀರಿದ ಮೇಲೆ ನಂಬುವಂತಿಲ್ಲ. ಆಮೇಲೆ ಉಳಿಯುವುದು ರಾತ್ರಿ ಬಸ್ಸು, ಇಲ್ಲವೇ ಬಿಳಿ ಟ್ಯಾಕ್ಸಿ. ಟ್ಯಾಕ್ಸಿಯನ್ನು ಬೀದಿಯಲ್ಲಿ ಕೈ ಬೀಸಿ ನಿಲ್ಲಿಸುವ ರೂಢಿಯಿಲ್ಲ, ಸ್ಟ್ಯಾಂಡಿಗೆ ಹೋಗಬೇಕು ಅಥವಾ ಆ್ಯಪಿನಲ್ಲಿ ಕರೆಯಬೇಕು. ರಾತ್ರಿ ದರ ಹೆಚ್ಚು. ನಾಲ್ಕು ರಾತ್ರಿ ಹೀಗೆ ಟ್ಯಾಕ್ಸಿ ಹತ್ತಿದರೆ ನಾವೀಲಿಯಲ್ಲಿ ಉಳಿಸಿದ್ದೇನಾದರೂ ಇದ್ದರೆ ಅದೂ ಹೋಯಿತು.

ನೋಲೊ ಅಂದರೆ ಲೊರೆತೊ ವೃತ್ತದ ಉತ್ತರಕ್ಕಿರುವ ಭಾಗ. ಕೆಂಪು ಲೈನಿನ ಪಾಸ್ತೇರ್‌ನಲ್ಲಿ ಇಳಿಯಿರಿ, ಅಲ್ಲಿಂದ ಪೋರ್ತಾ ವೆನೆಜಿಯಾ ಮೂರೇ ನಿಲ್ದಾಣ. ರಾತ್ರಿ ಮೆಟ್ರೊ ತಪ್ಪಿದರೂ ಕೋರ್ಸೊ ಬುಯೆನೊಸ್ ಐರೆಸ್‌ನ ದೀಪದ ಬೆಳಕಿನಲ್ಲೇ ಅರ್ಧ ಗಂಟೆಯಲ್ಲಿ ನಡೆದು ಸೇರಬಹುದು, ಇದೇ ಅದರ ದೊಡ್ಡ ಗುಣ. ಹೊಸ ಪೀಳಿಗೆಯ ಕ್ವಿಯರ್ ಹುಡುಗ ಹುಡುಗಿಯರು ಬಾಡಿಗೆ ತಾಳಲಾರದೆ ಇತ್ತ ಬಂದಿದ್ದಾರೆ, ಅವರ ಹಿಂದೆಯೇ ಬಾರುಗಳೂ. ಪಕ್ಕದ ವಿಯಾ ಪಾದೊವಾದಲ್ಲಿ ವಲಸಿಗರ ಅಂಗಡಿಗಳು ಸಾಲಾಗಿವೆ: ಬೇಳೆ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು. ಅಡುಗೆಮನೆ ಇರುವ ರೂಮು ಮಾಡಿದರೆ ಊಟದ ಖರ್ಚು ಅರ್ಧ ಇಳಿಯುತ್ತದೆ. ಹಳೆ ಕಟ್ಟಡಗಳಲ್ಲಿ ಲಿಫ್ಟು ಇದೆಯೇ ಎಂದು ಕೇಳಿಯೇ ದುಡ್ಡು ಕಟ್ಟಿ. ಲೊರೆತೊ ವೃತ್ತ ದಾಟುವುದು ಮಾತ್ರ ದೊಡ್ಡ ಸಾಹಸ.

ಮೆಟ್ರೊ-ಟ್ರ್ಯಾಮಿನ ಟಿಕೆಟ್ಟು: 2023ರಲ್ಲಿ 2.20 ಯೂರೊಗೆ ಏರಿದ್ದು 90 ನಿಮಿಷ ನಡೆಯುತ್ತದೆ, ಇಡೀ ದಿನದ್ದು 7.60. ದಿನಕ್ಕೆ ನಾಲ್ಕು ಸಲ ಓಡಾಡಿದರೆ ದಿನದ್ದೇ ಅಗ್ಗ. ಬ್ಯಾಂಕ್ ಕಾರ್ಡನ್ನು ಗೇಟಿಗೆ ತಾಗಿಸಿದರೂ ಆಗುತ್ತದೆ, ಆದರೆ ಒಂದು ಕಾರ್ಡಿಗೆ ಒಬ್ಬರೇ. ಒಳಗೆ ಹೋಗುವಾಗ ಕಾರ್ಡು, ಹೊರಬರುವಾಗ ಫೋನು ತಾಗಿಸಿದರೆ ಅದೇ ಖಾತೆಯಾದರೂ ಎರಡು ಬೇರೆ ಪ್ರಯಾಣಿಕರೆಂದು ಲೆಕ್ಕ ಹಿಡಿಯುತ್ತದೆ. ಲಿನಾತೆ ವಿಮಾನ ನಿಲ್ದಾಣದಿಂದ ಬರಲು ಇದೇ ಟಿಕೆಟ್ಟು ಸಾಕು: ನೀಲಿ ಲೈನಿನಲ್ಲಿ (ಎಂ4) ಸಾನ್ ಬಾಬಿಲಾ, ಅಲ್ಲಿ ಕೆಂಪು ಲೈನಿಗೆ ಬದಲಾದರೆ ಎರಡನೇ ನಿಲ್ದಾಣವೇ ಪೋರ್ತಾ ವೆನೆಜಿಯಾ. ಇನ್ನೊಂದು ವಿಮಾನ ನಿಲ್ದಾಣ ಮಾಲ್ಪೆನ್ಸಾದಿಂದ ಬರುವ ರೈಲಿಗೆ ಬೇರೆ ಟಿಕೆಟ್ಟು. ಅದರಲ್ಲಿ ಕಾದೋರ್ನಾ ನಿಲ್ದಾಣಕ್ಕೆ ಹೋಗುವುದನ್ನು ಹಿಡಿದರೆ ಅಲ್ಲಿಂದ ಕೆಂಪು ಲೈನು ನೇರ ಪೋರ್ತಾ ವೆನೆಜಿಯಾಕ್ಕೆ. ನಾವೀಲಿಗೂ ಕಾದೋರ್ನಾದಿಂದ ಹಸಿರು ಲೈನಿನಲ್ಲಿ ಮೂರೇ ನಿಲ್ದಾಣ, ಅಷ್ಟರ ಮಟ್ಟಿಗೆ ಅದಕ್ಕೆ ಅಂಕ ಕೊಡಬೇಕು.

ಸಸ್ಯಾಹಾರಿಗಳಿಗೆ ಪೋರ್ತಾ ವೆನೆಜಿಯಾದ ಎರಿಟ್ರಿಯಾ, ಇಥಿಯೋಪಿಯಾದವರ ಹೋಟೆಲುಗಳು ವರ. ಇಂಜೆರಾ ಅಂದರೆ ತಟ್ಟೆಯಗಲದ ಹುಳಿ ದೋಸೆ, ಮೇಲೆ ಬೇಳೆ, ಸೊಪ್ಪು, ಕಡಲೆಹಿಟ್ಟಿನ ಗೊಜ್ಜು, ಕೈಯಲ್ಲೇ ತಿನ್ನುವುದು. ಮಿಲಾನ್‌ನ ಹಳದಿ ರಿಸೊತ್ತೊ ನೋಡಲು ಕೇಸರಿಬಾತಿನ ಬಣ್ಣ, ಆದರೆ ಸಂಪ್ರದಾಯದಂತೆ ಅದಕ್ಕೆ ದನದ ಮೂಳೆಯ ಮಜ್ಜೆ ಹಾಕುತ್ತಾರೆ, ಕೇಳದೆ ತಿನ್ನಬೇಡಿ.

ವೀಸಾ ಕಾಗದದಲ್ಲಿ ಒಂದು ಎಚ್ಚರ. ಭಾರತದಲ್ಲಿ ನಮ್ಮ ಜೋಡಿಗಳಿಗೆ ಮದುವೆಯ ಪ್ರಮಾಣಪತ್ರ ಇಲ್ಲದ್ದರಿಂದ ಒಬ್ಬರ ದುಡ್ಡನ್ನು ತೋರಿಸಿ ಇಬ್ಬರೂ ಹೋಗುತ್ತೇವೆ ಅನ್ನುವುದನ್ನು ನೆಚ್ಚಬೇಡಿ. ಇಬ್ಬರೂ ಬೇರೆ ಬೇರೆ ಬ್ಯಾಂಕ್ ಸ್ಟೇಟ್‌ಮೆಂಟ್, ಕನಿಷ್ಠ 30,000 ಯೂರೊ ವಿಮೆ ಇಟ್ಟುಕೊಳ್ಳಿ. ಹೋಟೆಲ್ ಬುಕಿಂಗಿನಲ್ಲಿ ಇಬ್ಬರ ಹೆಸರೂ ಅಚ್ಚಾಗಿರಲಿ. ಟ್ರಾನ್ಸ್ ಪ್ರಯಾಣಿಕರು ಟಿಕೆಟ್ಟನ್ನೂ ರೂಮನ್ನೂ ಪಾಸ್‌ಪೋರ್ಟಿನ ಹೆಸರಲ್ಲೇ ಮಾಡಿ. ಇಟಲಿಯ ಹೋಟೆಲುಗಳು ಪ್ರತಿ ಅತಿಥಿಯ ವಿವರವನ್ನೂ ಪೊಲೀಸರಿಗೆ ಕಳಿಸಲೇಬೇಕು, ಕೌಂಟರಿನಲ್ಲಿ ಪಾಸ್‌ಪೋರ್ಟು ಕೇಳುವುದು ಅದಕ್ಕೇ. ಪ್ರತಿ ತಲೆಗೆ ಪ್ರತಿ ರಾತ್ರಿಯ ನಗರ ತೆರಿಗೆ ಸಾಮಾನ್ಯವಾಗಿ ಆನ್‌ಲೈನ್ ದರದಲ್ಲಿ ಸೇರಿರುವುದಿಲ್ಲ.

ತಾರೀಖು ಆರಿಸುವಾಗ ಏಪ್ರಿಲಿನ ಪೀಠೋಪಕರಣ ಮೇಳ, ಫೆಬ್ರವರಿ ಮತ್ತು ಸೆಪ್ಟೆಂಬರಿನ ಫ್ಯಾಷನ್ ವಾರ ತಪ್ಪಿಸಿ. ಆಗ ಮೂರೂ ಕಡೆ ಬಾಡಿಗೆ ಕೈಗೆಟುಕುವುದಿಲ್ಲ. ಏಪ್ರಿಲಿನಲ್ಲಿ ಪೋರ್ತಾ ಜೆನೊವಾ ಪಕ್ಕದ ತೊರ್ತೊನಾ ಬೀದಿಯೇ ಪ್ರದರ್ಶನದ ಅಂಗಳ, ನಾವೀಲಿಯದು ಇನ್ನೂ ವಿಪರೀತ. ಪ್ರೈಡ್ ಮೆರವಣಿಗೆ ಸಾಮಾನ್ಯವಾಗಿ ಜೂನ್ ಕೊನೆಯ ಶನಿವಾರ, ಮುಗಿಯುವುದು ಆರ್ಕೊ ದೆಲ್ಲಾ ಪಾಚೆ ಕಮಾನಿನ ಹತ್ತಿರ. ಅದಕ್ಕೂ ಮುಂಚಿನ ಸಂಜೆಗಳ ಕುಣಿತವೆಲ್ಲ ಪೋರ್ತಾ ವೆನೆಜಿಯಾದ ಬೀದಿಗಳಲ್ಲೇ. ಆ ವಾರಕ್ಕೆ ಅಂಗಳದ ಕಡೆಯ ರೂಮು ಸಿಗದಿದ್ದರೆ ಅಲ್ಲಿ ಮಾಡಬೇಡಿ, ಪಾಸ್ತೇರ್ ಹತ್ತಿರ ನೋಡಿ.