ಕಾಡಿನ ಅಪರೂಪದ ಗಿಡ: ಆ್ಯಪ್, ಪುಸ್ತಕ, ಊರಿನ ಅಜ್ಜ

ಸಾಗರ ಪಟ್ಟಣದಿಂದ ಉತ್ತರ ಕನ್ನಡದ ಕತ್ತಲೆಕಾನು ಕಾಡಿನ ಕಡೆ ಹೊರಟಿದ್ದೀನಿ, ಗಿಡ ಗುರುತಿಸೋಕೆ ಯಾವುದನ್ನು ನಂಬಲಿ ಅಂತ ಕೇಳಿದ್ದೀರಿ. ಅಲ್ಲಿನ ರಾಮಪತ್ರೆ ಜಡ್ಡಿಗಳು (ಜಾಜಿಕಾಯಿ ಕುಟುಂಬದ ಮರಗಳು ಬೆಳೆಯೋ ಜೌಗು ಜಾಗಗಳು) ಕಾಡಿನೊಳಗಿನ ಪುಟ್ಟ ದ್ವೀಪಗಳಿದ್ದಂತೆ. 2000ರಲ್ಲಿ ವಿಜ್ಞಾನಕ್ಕೆ ಹೊಸದಾಗಿ ಸೇರಿದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಮರಕ್ಕೆ ಹೆಸರು ಬಂದದ್ದೇ ಆ ಜಾಗದಿಂದ. (ಗೇರಿನ ಬಳಗ, ಸೊನೆ ಮುಟ್ಟಬೇಡಿ.)

ಖರ್ಚಿನ ಮಾತಾದರೆ ಫೋಟೋ ನೋಡಿ ಗಿಡದ ಹೆಸರು ಸೂಚಿಸೋ ಐನ್ಯಾಚುರಲಿಸ್ಟ್ ಆ್ಯಪ್ ಪುಕ್ಕಟೆ. ಸಿಗ್ನಲ್ ಇಲ್ಲದಿದ್ದರೂ ಫೋಟೋ ತೆಗೆದು ಮನೆಗೆ ಬಂದು ಏರಿಸಬಹುದು. ಸಸ್ಯವಿವರಣೆಯ ಪುಸ್ತಕ ದುಬಾರಿ, ಭಾರ ಬೇರೆ.

ನಿಖರತೆಯಲ್ಲೇ ನಿಜವಾದ ಪೇಚು. ಅಪರೂಪದ ಗಿಡಕ್ಕೆ ಫೋಟೋಗಳೇ ಕಡಿಮೆ, ಹಾಗಾಗಿ ಆ್ಯಪ್ ಅದರ ಸಾಮಾನ್ಯ ನೆಂಟನ ಹೆಸರನ್ನು ಧೈರ್ಯವಾಗಿ ಹೇಳಿಬಿಡುತ್ತೆ. ಊರಿನ ಅಜ್ಜ ತೊಗಟೆ, ವಾಸನೆ, ಕಾಯಿ ಬಿಡೋ ಕಾಲ ಎಲ್ಲಾ ಬಲ್ಲರು, ಆದರೆ ಒಂದೇ ಹೆಸರಲ್ಲಿ ಮೂರ್ನಾಲ್ಕು ಜಾತಿ ಸೇರಿರುತ್ತೆ. ತೊಗಟೆ ಗಾಯವಾದಲ್ಲಿ ರಕ್ತದಂಥ ಕೆಂಪು ರಸ ಕಂಡರೆ ಜಾಜಿಕಾಯಿ ಕುಟುಂಬ ಅನ್ನಬಹುದು, ಅಷ್ಟೇ. ಆಮೇಲೆ ಬೇರು ನೋಡಿ: ಕೆಸರಿನಿಂದ ಮಂಡಿ ಮಡಚಿದಂತೆ ಎದ್ದಿದ್ದರೆ ಆ ಕುಟುಂಬದ ಜಿಮ್ನಾಕ್ರಾಂಥೆರಾ ಇರಬಹುದು, ಕಾಂಡದಿಂದ ಊರುಗೋಲಿನಂತೆ ಇಳಿದಿದ್ದರೆ ಅದೇ ಕುಟುಂಬದ ಮಿರಿಸ್ಟಿಕಾ ಮ್ಯಾಗ್ನಿಫಿಕಾ ಇರಬಹುದು. ಖಚಿತ ಮಾಡೋದು ಪುಸ್ತಕವೇ, ಅದಕ್ಕೆ ಹೂವೋ ಕಾಯಿಯೋ ಬೇಕು, 10 ಪಟ್ಟು ತೋರಿಸೋ ಲೆನ್ಸೂ ಬೇಕು.

ಒಂದೇ ದಿನದ ಸುತ್ತಾಟಕ್ಕೆ ಆ್ಯಪ್ ಸಾಕು. ಮಳೆಗಾಲದಲ್ಲಿ ಹೂವಿಲ್ಲದ ಮರಗಳ ನಡುವೆ ಅಜ್ಜನೇ ಗತಿ. ಪಟ್ಟಿ ಮಾಡಿ ಯಾರಿಗಾದರೂ ಒಪ್ಪಿಸಬೇಕಿದ್ದರೆ ಪುಸ್ತಕ ತಪ್ಪಿದ್ದಲ್ಲ. ಸೀತಾಳೆ ಹೂವು (ಆರ್ಕಿಡ್) ಸಿಕ್ಕರೆ ಮಾತ್ರ ಜಾಗದ ಗುರುತು ಮರೆಮಾಡಿಯೇ ಫೋಟೋ ಹಾಕಿ, ಕಿತ್ತುಕೊಂಡು ಹೋಗೋರು ಇದ್ದಾರೆ.